ಕಾಫಿ ಹೇಗಿದೆ ಅಂದ್ರೆ ‘ಸೂಪರ್’ ಅಂದ್ರೆ ಸಾಕಾ?

ಕಾಫಿ ಹೇಗಿದೆ ಅಂತ ಕೇಳಿದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಸಿಗೋ ಉತ್ತರ ನಾಲ್ಕೇ: ಸ್ಟ್ರಾಂಗ್, ಲೈಟ್, ಸೂಪರ್, ವೇಸ್ಟ್. ಬಿರಿಯಾನಿ ಬಗ್ಗೆ ಅರ್ಧ ಗಂಟೆ ವಾದ ಮಾಡೋ ನಾವು, ದಿನಕ್ಕೆ ಮೂರು ಸಲ ಕುಡಿಯೋ ಕಾಫಿಯನ್ನು ಒಂದೇ ಪದದಲ್ಲಿ ಮುಗಿಸಿಬಿಡ್ತೀವಿ. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಬೆಳೆಯೋದು ನಮ್ಮ ರಾಜ್ಯದಲ್ಲೇ. ಕೊಡಗು, ಚಿಕ್ಕಮಗಳೂರು, ಹಾಸನದಿಂದ ಬಂದವರು ನಮ್ಮ ಪ್ರತಿ ಕ್ಲಾಸಿನಲ್ಲೂ ಇದ್ದಾರೆ. ಹಾಗಿದ್ದೂ ನಮ್ಮ ಹತ್ರ ಕಾಫಿಯ ರುಚಿಗೆ ಪದ ಇಲ್ಲ.

ಇನ್ನೊಂದು ಕಡೆ ಪದಗಳ ಮಳೆಯೇ ಸುರೀತಿದೆ. ಯಾವುದಾದರೂ ಸ್ಪೆಷಾಲಿಟಿ ಕಾಫಿ ಪ್ಯಾಕೆಟ್ ತಿರುಗಿಸಿ ನೋಡಿ. ಬ್ಲೂಬೆರಿ, ಹೇಝಲ್‌ನಟ್, ಬ್ಲ್ಯಾಕ್‌ಕರೆಂಟ್, ಸ್ಟೋನ್ ಫ್ರೂಟ್ ಅಂತ ಬರೆದಿರುತ್ತೆ. ಬೀಜ ಬೆಳೆದಿದ್ದು ಚಿಕ್ಕಮಗಳೂರಿನ ಬೆಟ್ಟದಲ್ಲಿ, ಹುರಿದಿದ್ದು ಬೆಂಗಳೂರಿನಲ್ಲಿ, ಕುಡಿಯೋದು ನಾವು. ಆದರೆ ರುಚಿ ಹೇಳೋಕೆ ನಮ್ಮಲ್ಲಿ ಹೆಚ್ಚಿನವರು ಮರದಲ್ಲಿ ನೋಡದ ಹಣ್ಣುಗಳು ಬೇಕು.

ನಮ್ಮ ವಾದ ಇಷ್ಟು. ಒಳ್ಳೆ ಕಾಫಿಗಳನ್ನು ಮನೆಯಲ್ಲೇ ಅಕ್ಕಪಕ್ಕ ಇಟ್ಟು ರುಚಿ ನೋಡಬೇಕು. ನೋಡಿದ್ದನ್ನು ಕನ್ನಡದಲ್ಲಿ ಬರೆದಿಡಬೇಕು. ಮೊದಲನೆಯದು ಹವ್ಯಾಸ. ಎರಡನೆಯದರಿಂದ ಕಾಫಿ ಬೆಳೆಯೋರಿಗೂ ನಮಗೂ ನಿಜವಾದ ಲಾಭ ಇದೆ.

ಮೊದಲು ಸ್ವಲ್ಪ ಹಿನ್ನೆಲೆ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದ ಕಥೆ ಎಲ್ಲರಿಗೂ ಗೊತ್ತು. ಆಮೇಲಿನ ಕಥೆ ಅಷ್ಟಾಗಿ ಗೊತ್ತಿಲ್ಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ ಬೆಳೆಗಾರರನ್ನು ಉಳಿಸೋಕೆ ಒಂದು ವ್ಯವಸ್ಥೆ ಬಂತು. 1942ರಲ್ಲಿ ಕಾಫಿ ಕಾಯ್ದೆಯೂ ಆಯ್ತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕು, ಮಾರೋದು ಬೋರ್ಡು. ಆ ಕಷ್ಟಕಾಲದಲ್ಲಿ ಅದು ಆಸರೆಯೇ ಆಗಿತ್ತು. ಆದರೆ ಪೂಲ್‌ಗೆ ಬಿದ್ದ ಮೇಲೆ ಕಾಫಿಗೆ ದರ್ಜೆ ಉಳಿಯುತ್ತಿತ್ತು, ತೋಟದ ಹೆಸರು ಉಳಿಯುತ್ತಿರಲಿಲ್ಲ. ಒಬ್ಬರು ಹಣ್ಣನ್ನು ಮಾತ್ರ ಆರಿಸಿ ಕುಯ್ದರೂ, ಇನ್ನೊಬ್ಬರು ಕಾಯಿ-ಹಣ್ಣು ಎಲ್ಲ ಸೇರಿಸಿ ಕುಯ್ದರೂ ಕೊನೆಗೆ ಎಲ್ಲ ಒಂದೇ ರಾಶಿ. 1990ರ ದಶಕದಲ್ಲಿ ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರರಿಗೆ ಪೂರ್ತಿ ಸ್ವಾತಂತ್ರ್ಯ ಸಿಕ್ತು. ಅಂದ್ರೆ ‘ಈ ತೋಟದ ಕಾಫಿಯ ರುಚಿ’ ಅನ್ನೋ ಮಾತು ನಮ್ಮ ಮಾರುಕಟ್ಟೆಯಲ್ಲಿ ನಮಗಿಂತ ಹತ್ತು-ಹನ್ನೆರಡು ವರ್ಷ ದೊಡ್ಡದು, ಅಷ್ಟೆ. ಪದಗಳು ಬೆಳೆಯದೇ ಇರೋದಕ್ಕೆ ಇದೂ ಒಂದು ಕಾರಣ ಅಂತ ನಮಗನ್ನಿಸುತ್ತೆ.

ಇವತ್ತಿಗೂ ನಮ್ಮ ಕಡೆಯ ಹೆಚ್ಚಿನ ತೋಟಗಳು 10 ಹೆಕ್ಟೇರಿಗಿಂತ ಚಿಕ್ಕವು. ಸಣ್ಣ ಬೆಳೆಗಾರ ಚೆರ್ರಿ ಮೂಟೆ ಮಾರೋಕೆ ಹೋದಾಗ ಸಾಮಾನ್ಯವಾಗಿ ನೋಡೋದು ಎರಡು ವಿಷಯ: ತೇವಾಂಶ ಎಷ್ಟಿದೆ, 50 ಕೆ.ಜಿ. ಮೂಟೆಯಿಂದ ಎಷ್ಟು ಕೆ.ಜಿ. ಕ್ಲೀನ್ ಬೀಜ ಬರುತ್ತೆ. ಈ ಎರಡನೆಯದಕ್ಕೇ ಔಟ್‌ಟರ್ನ್, ಆಡುಮಾತಿನಲ್ಲಿ ‘ಓಟಿ’ ಅನ್ನೋದು. ಎರಡೂ ಅಳತೆಯ ವಿಷಯ, ರುಚಿಯದ್ದಲ್ಲ. ಬೆಲೆಯಂತೂ ಅರೇಬಿಕಾಕ್ಕೆ ನ್ಯೂಯಾರ್ಕ್, ರೋಬಸ್ಟಾಕ್ಕೆ ಲಂಡನ್ ನೋಡಿಕೊಂಡು ಏರಿಳಿಯುತ್ತೆ. ಇಡೀ ವರ್ಷ ಗಿಡ ನೋಡಿಕೊಂಡವರಿಗೆ ‘ನಿಮ್ಮ ಕಾಫಿ ಹೇಗಿತ್ತು’ ಅಂತ ಹೇಳೋರೇ ಕಡಿಮೆ.

ಸ್ಪೆಷಾಲಿಟಿ ಕಾಫಿ ಬದಲಾಯಿಸಿದ್ದು ಇದನ್ನೇ. ಅಲ್ಲಿ ಕಾಫಿಯನ್ನು ಕುಡಿದು, 100ಕ್ಕೆ ಇಷ್ಟು ಅಂತ ಅಂಕ ಕೊಡ್ತಾರೆ. 80 ದಾಟಿದ್ರೆ ಸ್ಪೆಷಾಲಿಟಿ. ಈ ಪರೀಕ್ಷೆಗೆ ‘ಕಪ್ಪಿಂಗ್’ ಅಂತ ಹೆಸರು. ಖುಷಿಯ ವಿಷಯ ಏನಪ್ಪಾ ಅಂದ್ರೆ ಇದಕ್ಕೆ ದುಬಾರಿ ಮೆಷಿನ್ ಬೇಡ. ನಮ್ಮ ಯಾವ ಲ್ಯಾಬ್ ಎಕ್ಸ್‌ಪೆರಿಮೆಂಟಿಗಿಂತಲೂ ಇದು ಸುಲಭ.

ಬೇಕಾಗಿರೋದು ಒಂದೇ ಥರದ ಮೂರ್ನಾಲ್ಕು ಪಿಂಗಾಣಿ ಕಪ್ಪು, ಒಂದು ಅಡುಗೆಮನೆ ತಕ್ಕಡಿ, ಒಂದು ಚಮಚ. ಲೆಕ್ಕ 100 ಎಂ.ಎಲ್. ನೀರಿಗೆ 5.5 ಗ್ರಾಂ, ಅಂದ್ರೆ 200 ಎಂ.ಎಲ್. ಕಪ್ಪಿಗೆ 11 ಗ್ರಾಂ. ಪುಡಿ ಉಪ್ಪಿಟ್ಟಿನ ರವೆಯಷ್ಟು ತರಿಯಾಗಿರಲಿ. ಫಿಲ್ಟರ್ ಪುಡಿಯಷ್ಟು ನುಣ್ಣಗಾದ್ರೆ ಕಹಿ ಜಾಸ್ತಿ ಇಳಿಯುತ್ತೆ. ನೀರು 93 ಡಿಗ್ರಿ ಇರಬೇಕು ಅಂತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿರೋದ್ರಿಂದ ಇಲ್ಲಿ ನೀರು ಕುದಿಯೋದೇ 97 ಡಿಗ್ರಿಯಲ್ಲಿ. ಕುದಿ ನಿಂತ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ ಸಾಕು. ನೀರು ಸುರಿದು ನಾಲ್ಕು ನಿಮಿಷ ಮುಟ್ಟಬೇಡಿ. ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆಯುವಾಗ ಮೂಗು ಹತ್ತಿರ ಇಡಿ. ಆಗ ಏಳೋ ಘಮದಲ್ಲೇ ಅರ್ಧ ವಿಷಯ ಇರುತ್ತೆ. ನೊರೆ ತೆಗೆದು, ಇನ್ನೊಂದೈದು ನಿಮಿಷ ಆರಿಸಿ, ಚಮಚದಿಂದ ‘ಸೊರ್ರ್’ ಅಂತ ಸದ್ದು ಮಾಡಿಯೇ ಹೀರಿ. ಮನೆಯಲ್ಲಿ ಬೈಯೋರಿಗೆ ಇದು ಪ್ರಾಕ್ಟಿಕಲ್ ಅಂತ ಹೇಳಿ. ಬಿಸಿ ಇರುವಾಗ, ಉಗುರುಬೆಚ್ಚಗಾದಾಗ, ತಣ್ಣಗಾದಾಗ ಮೂರು ಸಲ ನೋಡಿ. ತಣ್ಣಗಾದ ಮೇಲೂ ಕುಡಿಯೋಕೆ ಚೆನ್ನಾಗಿದ್ರೆ ಅದು ಒಳ್ಳೆ ಕಾಫಿ.

ನೀರಿನ ಬಗ್ಗೆ ಒಂದು ಮಾತು. ಗಡಸು ಬೋರ್‌ವೆಲ್ ನೀರಲ್ಲಿರೋ ಬೈಕಾರ್ಬೋನೇಟ್ ಕಾಫಿಯ ಆಮ್ಲವನ್ನು ತಟಸ್ಥ ಮಾಡಿಬಿಡುತ್ತೆ. ಆಗ ಎಲ್ಲ ಕಾಫಿಯೂ ಒಂದೇ ಥರ ಸಪ್ಪೆ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಟೈಟ್ರೇಷನ್ ಮಾಡಿ ಮರೆತಿದ್ದು ಇಲ್ಲಿ ನಾಲಿಗೆಗೇ ಗೊತ್ತಾಗುತ್ತೆ.

ಏನನ್ನು ಹೋಲಿಸಬೇಕು? ಪ್ರತಿ ಸಲ ಒಂದೇ ವೇರಿಯಬಲ್ ಬದಲಾಯಿಸಿ. ಮೊದಲು ಒಂದೇ ತೋಟದ ಪಾರ್ಚ್‌ಮೆಂಟ್ ಮತ್ತು ಚೆರ್ರಿ. ತೋಟದ ಮಾತಿನಲ್ಲಿ ಪಾರ್ಚ್‌ಮೆಂಟ್ ಅಂದ್ರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ್ದು. ಚೆರ್ರಿ ಅಂದ್ರೆ ಹಣ್ಣನ್ನು ಇಡಿಯಾಗಿ ಒಣಗಿಸಿದ್ದು. ಪ್ಯಾಕೆಟ್ ಮೇಲೆ ಇವೇ ‘ವಾಶ್ಡ್’, ‘ನ್ಯಾಚುರಲ್’ ಆಗಿರುತ್ತವೆ. ಆಮೇಲೆ ಅರೇಬಿಕಾ ಎದುರು ರೋಬಸ್ಟಾ. ಆಮೇಲೆ ಮಳೆಗಾಲದ ಗಾಳಿಗೆ ಬೀಜ ಹರಡಿ ಉಬ್ಬಿಸಿದ ಮಾನ್ಸೂನ್ಡ್ ಮಲಬಾರ್. ಹುಳಿಯೆಲ್ಲ ಇಳಿದುಹೋಗಿ ಮಳೆಗಾಲದ ಹಳೇ ಮನೆಯ ವಾಸನೆಯಂಥದ್ದು ಏನೋ ಅದರಲ್ಲಿ ಇರುತ್ತೆ.

‘ಇದೆಲ್ಲ ಕಲ್ಪನೆ, ವ್ಯತ್ಯಾಸವೇ ಇಲ್ಲ’ ಅನ್ನೋ ಫ್ರೆಂಡ್ ಎಲ್ಲರಿಗೂ ಒಬ್ಬ ಇರ್ತಾನೆ. ಅವನ ಜೊತೆ ಜಗಳ ಬೇಡ, ಮೂರು ಕಪ್ಪು ಇಡಿ. ಎರಡರಲ್ಲಿ ಒಂದೇ ಕಾಫಿ, ಮೂರನೆಯದು ಬೇರೆ. ಬೇರೆ ಯಾವುದು ಅಂತ ಕಣ್ಣು ಮುಚ್ಚಿ ಹೇಳಲಿ. ಸುಮ್ಮನೆ ಗೆಸ್ ಮಾಡಿದ್ರೆ ಸರಿಯಾಗೋ ಸಂಭವ ಮೂರರಲ್ಲಿ ಒಂದು. ಹತ್ತು ಸಲ ಮಾಡಿ ಏಳು ಅಥವಾ ಹೆಚ್ಚು ಸಲ ಸರಿ ಹೇಳಿದ್ರೆ, ಅದು ಬರೀ ಅದೃಷ್ಟದಿಂದ ಆಗೋ ಸಂಭವ ಸುಮಾರು 2 ಪರ್ಸೆಂಟ್ ಮಾತ್ರ. ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳ್ತಿದ್ದವರಿಗೆ ಉತ್ತರವೂ ಸಿಕ್ಕ ಹಾಗಾಯ್ತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಾಫಿ ಜಗತ್ತಿನಲ್ಲಿ ಎಲ್ಲರೂ ಬಳಸೋ ‘ಫ್ಲೇವರ್ ವೀಲ್’ ಅನ್ನೋ ಚಕ್ರ 1995ರದ್ದು; 2016ರಲ್ಲಿ ಹೊಸದಾಗಿ ಬಂತು. ಅದರ ಹಿಂದೆ ನೂರಕ್ಕೂ ಹೆಚ್ಚು ರುಚಿಗಳ ಒಂದು ಪದಕೋಶ ಇದೆ. ಪ್ರತಿ ರುಚಿಗೂ ‘ಇದನ್ನು ತಿಂದು ನೋಡಿ, ಹೀಗಿರುತ್ತೆ’ ಅಂತ ಒಂದು ಮಾದರಿ ಕೊಟ್ಟಿದ್ದಾರೆ. ಅದನ್ನು ಮಾಡಿದ್ದು ಅಮೆರಿಕದಲ್ಲಿ. ಆದ್ದರಿಂದ ಮಾದರಿಗಳಲ್ಲಿ ಅಲ್ಲಿನ ಅಂಗಡಿಯ ಜಾಮ್, ಜ್ಯೂಸುಗಳು ಇವೆ. ಅವರು ತಮ್ಮ ಅಡುಗೆಮನೆಯಿಂದ ಪದ ತೆಗೆದುಕೊಂಡರು, ಅದು ಸರಿಯಾಗೇ ಇದೆ. ನಾವು ನಮ್ಮ ಅಡುಗೆಮನೆಯಿಂದ ತೆಗೆದುಕೊಳ್ಳಬೇಕು.

ನಮ್ಮ ಅಡುಗೆಮನೆಯಲ್ಲೇನು ಕಮ್ಮಿ ಇದೆಯಾ? ಬರೀ ಹುಳಿಯನ್ನೇ ತಗೊಳ್ಳಿ. ನಿಂಬೆಹಣ್ಣಿನ ಹುಳಿ ಬೇರೆ, ಹುಣಸೆಯದ್ದು ಬೇರೆ, ಮಾವಿನಕಾಯಿಯದ್ದು ಬೇರೆ, ಎರಡು ದಿನದ ಮಜ್ಜಿಗೆಯದ್ದು ಬೇರೆ, ಕರಾವಳಿಯ ಪುನರ್ಪುಳಿ ಬೇರೆ, ಕೊಡಗಿನ ಕಾಚಂಪುಳಿಯದ್ದು ಇನ್ನೂ ಬೇರೆ. ಸಿಹಿಯಲ್ಲಿ ಅಚ್ಚುಬೆಲ್ಲ, ಮಲೆನಾಡಿನ ಜೋನಿಬೆಲ್ಲ, ಕಬ್ಬಿನ ಹಾಲು, ಕಳಿತ ಹಲಸು. ಬಾಯಲ್ಲಿ ಕೊನೆಗೆ ಉಳಿಯೋ ರುಚಿಗೆ ನೆಲ್ಲಿಕಾಯಿ ತಿಂದು ನೀರು ಕುಡಿದ ಅನುಭವಕ್ಕಿಂತ ಒಳ್ಳೆ ಹೋಲಿಕೆ ಯಾವ ಚಕ್ರದಲ್ಲಿದೆ?

ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ನಮಗೆ ನಾಲಿಗೆಗೆ ಹಿತವಲ್ಲದ್ದೆಲ್ಲ ‘ಬಿಟರ್’. ಮನೆಯಲ್ಲಿ ಅಜ್ಜಿಯನ್ನು ಕೇಳಿ. ಹಾಗಲಕಾಯಿ ಕಹಿ, ನೇರಳೆಹಣ್ಣು ಒಗರು, ತಳ ಹಿಡಿದ ಪಾಯಸ ಸೀದಿದೆ, ಹಳೇ ಎಣ್ಣೆ ಕಮಟು, ಮಳೆಗಾಲದ ಬೇಳೆಡಬ್ಬಿ ಮುಗ್ಗಲು. ಅವರು ಇವನ್ನು ಬೆರೆಸೋದೇ ಇಲ್ಲ.

ಈ ಒಂದೊಂದು ಪದವೂ ಕಾಫಿಯಲ್ಲಿ ಒಂದೊಂದು ಜಾಗವನ್ನು ತೋರಿಸುತ್ತೆ. ಕಾಫಿ ಒಗರಾಗಿದ್ರೆ, ಹಣ್ಣಾಗದ ಕಾಯಿ ಬೆರೆತಿರಬಹುದು. ಅಂದ್ರೆ ಕುಯ್ಲಿನ ವಿಷಯ. ಮುಗ್ಗಲು ಬಂದ್ರೆ ಕಣದಲ್ಲಿ ಒಣಗಿಸುವಾಗ ಮಳೆ ಬಿದ್ದಿರಬಹುದು, ಇಲ್ಲಾ ಗೋಡೌನಿನಲ್ಲಿ ತೇವ ಸೇರಿರಬಹುದು. ಸೀದ ವಾಸನೆ ಹುರಿದವರ ಕೆಲಸ. ‘ಬಿಟರ್’ ಅಂತ ಹೇಳಿದ್ರೆ ಬೆಳೆಗಾರರಿಗೆ ಏನೂ ತಿಳಿಯಲ್ಲ. ‘ಒಗರು’ ಅಂದ್ರೆ ಮುಂದಿನ ಡಿಸೆಂಬರಿನಲ್ಲಿ ಏನು ಮಾಡಬೇಕು ಅಂತ ತಿಳಿಯುತ್ತೆ. ತೋಟಗಳಲ್ಲಿ ಕನ್ನಡದ ಜೊತೆ ತುಳು, ಕೊಡವ, ತಮಿಳೂ ಓಡಾಡುತ್ತವೆ. ಆ ಪದಗಳೂ ನಮ್ಮ ಪಟ್ಟಿಗೆ ಬರಲಿ. ಕಪ್ಪಿನಿಂದ ಕಣದವರೆಗೆ ಒಂದೇ ಮಾತು ಹೋಗಬೇಕು, ಅಷ್ಟೇ ನಮಗೆ ಬೇಕಾಗಿರೋದು.

ಇದಕ್ಕೆ ಬರೋ ಆಕ್ಷೇಪಗಳೂ ನಮಗೆ ಗೊತ್ತು. ಮೊದಲನೆಯದು ‘ಇದು ದುಡ್ಡಿರೋರ ಶೋಕಿ’. ಲೆಕ್ಕ ಹಾಕೋಣ. 250 ಗ್ರಾಂ ಪ್ಯಾಕೆಟ್ 500 ರೂಪಾಯಿ ಅಂದ್ಕೊಳ್ಳಿ. ಒಂದು ಕಪ್ಪಿಗೆ 11 ಗ್ರಾಂ, ಅಂದ್ರೆ 22 ರೂಪಾಯಿ. ಒಂದೇ ಕಪ್ಪಿನಿಂದ ನಾಲ್ಕು ಜನ ಚಮಚದಲ್ಲಿ ರುಚಿ ನೋಡಬಹುದು. ಮಾಲ್‌ನಲ್ಲಿ ಒಬ್ಬರು ಒಂದು ಕಪ್ಪು ಕುಡಿಯೋ ದುಡ್ಡಲ್ಲಿ ನಾಲ್ಕು ಜನರ ಒಂದು ಭಾನುವಾರ ಕಳೆಯುತ್ತೆ.

ಎರಡನೆಯದು ‘ನಮಗೆ ಫಿಲ್ಟರ್ ಕಾಫಿ ಇದೆಯಲ್ಲ, ಹಾಲು-ಸಕ್ಕರೆ ಇಲ್ಲದ ಆ ಕಷಾಯ ಯಾಕೆ’. ಫಿಲ್ಟರ್ ಕಾಫಿ ಮೇಲೆ ನಮಗೂ ಪ್ರೀತಿಯೇ. ಅದನ್ನೂ ಹೋಲಿಸಿ ನೋಡಿ ಅಂತ ನಾವು ಹೇಳೋದು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪರ್ಸೆಂಟ್ ಇರಬೇಕು ಅನ್ನೋದು ನಿಯಮ. ಅಂದ್ರೆ 49ರವರೆಗೆ ಚಿಕೋರಿ ಇರಬಹುದು, ಮತ್ತು ಪ್ಯಾಕೆಟ್ ಮೇಲೆ ಅದನ್ನು ಹೇಳಲೇಬೇಕು. ಮನೆಯ ಪುಡಿಯ ಪ್ಯಾಕೆಟ್ ಓದಿ. ಚಿಕೋರಿ ಇಲ್ಲದ್ದು, 20 ಪರ್ಸೆಂಟ್ ಇರೋದು, 40 ಇರೋದು, ಮೂರರ ಡಿಕಾಕ್ಷನ್ ಇಳಿಸಿ ಅಕ್ಕಪಕ್ಕ ನೋಡಿ. ಚಿಕೋರಿ ಕೊಡೋ ದಪ್ಪ, ಬಣ್ಣ ನಿಮಗೆ ಇಷ್ಟವಾದ್ರೆ ಖಂಡಿತ ಅದನ್ನೇ ಕುಡೀರಿ. ಇಷ್ಟಪಡ್ತಿರೋದು ಯಾವುದನ್ನ ಅಂತ ಗೊತ್ತಿರಲಿ.

ಮೂರನೆಯದು ಸ್ವಲ್ಪ ಗಟ್ಟಿ ಆಕ್ಷೇಪ. ‘ನಾಲ್ಕು ಸ್ಟೂಡೆಂಟ್ಸ್ ರುಚಿ ನೋಡಿ ಬರೆದ್ರೆ ಬೆಳೆಗಾರರ ಬೆಲೆ ಏರುತ್ತಾ?’ ಏರಲ್ಲ. ಲಂಡನ್, ನ್ಯೂಯಾರ್ಕಿಗೆ ನಮ್ಮ ನೋಟ್‌ಬುಕ್ ಕಾಣಲ್ಲ. ಆದರೆ ರುಚಿಗೆ ಬೆಲೆ ಸಿಗೋದು ರುಚಿ ಗುರುತಿಸೋರು ಇರೋ ಕಡೆ ಮಾತ್ರ. ರೋಬಸ್ಟಾವನ್ನೇ ನೋಡಿ. ನಮ್ಮ ದೇಶದಲ್ಲಿ ಅರೇಬಿಕಾಗಿಂತ ಹೆಚ್ಚು ಬೆಳೆಯೋದು ಅದೇ, ಆದರೂ ಅದಕ್ಕೆ ‘ಕಮ್ಮಿ ಕಾಫಿ’ ಅನ್ನೋ ಹಣೆಪಟ್ಟಿ. ಹಣ್ಣು ಆರಿಸಿ, ತೊಳೆದು ಒಣಗಿಸಿದ ಒಳ್ಳೆ ರೋಬಸ್ಟಾವನ್ನು ಹೆಸರು ಹೇಳದೆ ಕೊಟ್ಟರೆ ಎಷ್ಟು ಜನ ಕಮ್ಮಿ ಅಂತಾರೆ ನೋಡೋಣ. ಮುಂದೆ ಸಂಬಳ ಬಂದಾಗ ಕಾಫಿಗೆ ದುಡ್ಡು ಕೊಡೋರು ನಾವೇ. ಏನಕ್ಕೆ ಕೊಡ್ತಿದ್ದೀವಿ ಅಂತ ಈಗಲೇ ಕಲಿತರೆ, ಹಣ್ಣನ್ನು ಒಂದೊಂದಾಗಿ ಆರಿಸಿ ಕುಯ್ದವರ ಶ್ರಮಕ್ಕೂ ಪ್ಯಾಕೆಟ್ ಮೇಲಿನ ಚಂದದ ಡಿಸೈನಿಗೂ ವ್ಯತ್ಯಾಸ ಗೊತ್ತಾಗುತ್ತೆ.

ಸೆಮ್ ಮುಗಿದ ಮೇಲೆ ರಜೆ ಇದೆ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ: ಯಾವ ಕಾಫಿ, ಬಿಸಿಯಲ್ಲಿ ಹೇಗಿತ್ತು, ತಣ್ಣಗಾದಾಗ ಹೇಗಿತ್ತು, ಯಾವುದನ್ನು ನೆನಪಿಸಿತು. ಕೊನೇ ಕಾಲಂನಲ್ಲಿ ನೀವು ನಿಜವಾಗಿ ತಿಂದಿರೋ ವಸ್ತುವಿನ ಹೆಸರು ಮಾತ್ರ ಬರೀಬೇಕು. ಮನೆಯ ಹಿರಿಯರಿಗೂ ಒಂದು ಚಮಚ ಕೊಡಿ. ನಿಮಗೆ ಸಿಗದ ಪದ ಅವರ ಬಾಯಲ್ಲಿರುತ್ತೆ. ಕಾಫಿ ತೋಟದ ಮನೆಗಳಿಂದ ಬಂದಿರೋ ಗೆಳೆಯರಿಗೆ ಇನ್ನೊಂದು ಕೆಲಸ ಇದೆ. ನಿಮ್ಮ ತೋಟದ್ದೇ ಬೀಜ ಹುರಿಸಿ, ಹಾಲು ಹಾಕದೆ, ಮನೆಯವರಿಗೂ ಕುಯ್ಲಿಗೆ ಬರುವವರಿಗೂ ಒಂದೊಂದು ಲೋಟ ಕೊಡಿ. ‘ಹೇಗಿದೆ?’ ಅಂತ ಕೇಳಿ. ಅವರು ಹೇಳಿದ ಪದವನ್ನು ಹಾಗೇ ಬರೆದುಕೊಂಡು ಬನ್ನಿ. ನಮ್ಮ ಪಟ್ಟಿ ಅಲ್ಲಿಂದ ಶುರುವಾಗಲಿ.