ಪರದೆಯ ಮರೆಯ ಕಣ್ಣು

ಸಂಸ್ಕೃತದಲ್ಲಿ ಕಿಟಕಿಗೆ ಗವಾಕ್ಷವೆಂದು ಒಂದು ಹೆಸರುಂಟು. ಗೋವಿನ ಕಣ್ಣೆಂಬುದೇ ಆ ಪದದ ಅವಯವಾರ್ಥ. ಕಿಟಕಿಯನ್ನೇ ಕಣ್ಣೆಂದು ಭಾವಿಸಿದರು ನಮ್ಮ ಹಿರಿಯರು. ಈಗಿನ ಯಂತ್ರಶಿಲ್ಪಿಗಳಾದರೋ ಕಿಟಕಿಯ ಹಿಂದೆ ಕಣ್ಣೊಂದನ್ನು ಅಡಗಿಸುವ ಸಾಹಸಕ್ಕೆ ಕೈಯಿಕ್ಕಿರುವರು. ಮೊಬೈಲ್ ಫೋನಿನ ಪರದೆಯ ಕೆಳಗೆ ಕ್ಯಾಮೆರಾವನ್ನು ಮರೆಮಾಡುವ ಈ ವಿದ್ಯೆಯ ವಿಷಯವಾಗಿ ನಾವು ಈ ತಿಂಗಳು ನಾಲ್ಕು ಮಾತು ಹೇಳಬಯಸುತ್ತೇವೆ.

ಫೋನಿನ ಮುಖವೆಲ್ಲವೂ ಪರದೆಯೇ ಆಗಬೇಕೆಂಬ ಆಶೆ ತಯಾರಕರಲ್ಲಿ ಹುಟ್ಟಿದಾಗ ಮುಂಗಡೆಯ ಕ್ಯಾಮೆರಾಕ್ಕೆ ಸ್ಥಳವಿಲ್ಲದಂತಾಯಿತು. 2017ರಲ್ಲಿ ಬಂದ ಐಫೋನ್ ಟೆನ್ ಪರದೆಯ ನೆತ್ತಿಯಲ್ಲಿ ಒಂದು ಕಚ್ಚನ್ನು ಬಿಟ್ಟುಕೊಂಡಿತು. ಬೇರೆ ಕೆಲವರು ಪರದೆಯಲ್ಲಿ ಸಣ್ಣ ರಂಧ್ರವನ್ನೇ ಕೊರೆದರು. ಕಚ್ಚೂ ಬೇಡ, ರಂಧ್ರವೂ ಬೇಡವೆಂದು ಚೀನಾ ದೇಶದ ಜೆಡ್‌ಟಿಇ ಸಂಸ್ಥೆಯವರು 2020ರಲ್ಲಿ ಆಕ್ಸಾನ್ 20 ಎಂಬ ಫೋನಿನಲ್ಲಿ ಕ್ಯಾಮೆರಾವನ್ನು ಪರದೆಯ ಕೆಳಗಿಟ್ಟು ಮಾರಾಟಕ್ಕೆ ತಂದರು.

ಬೆಳಕು ಪರದೆಯನ್ನು ದಾಟುವ ಬಗೆ ಹೇಗೆಂದು ವಾಚಕರು ಕೇಳಬಹುದು. ಹಳೆಯ ಮಾದರಿಯ ಪರದೆಗೆ ಬೆನ್ನ ಹಿಂದೆ ದೀಪವೊಂದು ಬೇಕು. ಅದು ದಾರಿಯನ್ನು ಕಟ್ಟುತ್ತದೆ. ಓಎಲ್‌ಇಡಿ ಎಂಬ ಹೊಸ ಮಾದರಿಯಲ್ಲಿ ಚುಕ್ಕಿ ಚುಕ್ಕಿಯೂ ತಾನೇ ಬೆಳಗತಕ್ಕದ್ದು. ಹಿಂದೆ ದೀಪ ಬೇಡ. ಆ ಚುಕ್ಕಿಗಳ ನಡುವಣ ಸಂದುಗಳಿಂದ ಹೊರಗಿನ ಬೆಳಕು ಒಳಗೆ ನುಸುಳಬಹುದು. ಕ್ಯಾಮೆರಾದ ಮೇಲಣ ಭಾಗದಲ್ಲಿ ಚುಕ್ಕಿಗಳನ್ನು ವಿರಳವಾಗಿಯೋ ಕಿರಿದಾಗಿಯೋ ಮಾಡಿ, ತಂತಿಗಳನ್ನು ಪಾರದರ್ಶಕ ವಸ್ತುವಿನಿಂದ ಎಳೆಯುವರು. ಚಿತ್ರ ತೆಗೆಯುವ ಕ್ಷಣದಲ್ಲಿ ಆ ಚುಕ್ಕಿಗಳು ಆರಿಹೋಗುವುವು. ಆದರೂ ಬೆಳಕಿನ ಬಹುಭಾಗ ದಾರಿಯಲ್ಲಿಯೇ ನಷ್ಟವಾಗುವುದು. ಚುಕ್ಕಿಗಳನ್ನು ಹೊತ್ತ ಪಾಲಿಇಮೈಡ್ ಹಾಳೆ ಸ್ವಲ್ಪ ಹಳದಿಯಾದ್ದರಿಂದ ನೀಲಿಯನ್ನು ಹೀರಿಕೊಳ್ಳುವುದು. ಪ್ರತಿಫಲನವನ್ನು ತಡೆಯಲು ಅಂಟಿಸಿದ ಧ್ರುವಕದ ಪದರವಂತೂ ಬರುವ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನುಂಗಿಬಿಡುವುದು.

ಇದಕ್ಕಿಂತ ದೊಡ್ಡ ವಿಘ್ನ ಇನ್ನೊಂದುಂಟು. ಅಮೆರಿಕದ ಫ್ರಾನ್ಸಿಸ್ ಹಾಪ್ಕಿನ್‌ಸನ್ ಎಂಬಾತನು ಒಂದು ಸಂಜೆ ರೇಷ್ಮೆಯ ಕರವಸ್ತ್ರದ ಮೂಲಕ ಬೀದಿಯ ದೀಪವನ್ನು ನೋಡಿ, ನೂಲಿನ ಎಳೆಗಳು ವಿಚಿತ್ರವಾಗಿ ಕಾಣುವುದನ್ನು ಕಂಡು ಬೆರಗಾಗಿ, ಡೇವಿಡ್ ರಿಟ್ಟನ್‌ಹೌಸ್ ಎಂಬ ವಿದ್ವಾಂಸನಿಗೆ ಬರೆದು ಕೇಳಿದನು. ಆ ವಿದ್ವಾಂಸನು 1785ರಲ್ಲಿ ಕೂದಲೆಳೆಗಳನ್ನು ಸಾಲಾಗಿ ಕಟ್ಟಿ ಪರೀಕ್ಷಿಸಿ, ಸಂದುಗಳಲ್ಲಿ ನುಸುಳುವ ಬೆಳಕು ಬಾಗಿ ಹರಡುವುದೆಂದು ತೋರಿಸಿದನು. ನಮ್ಮ ಸೋದರಿಯರು ತೆಳುವಾದ ಸೀರೆಯ ಸೆರಗನ್ನು ಕಣ್ಣಿಗಡ್ಡ ಹಿಡಿದು ದೂರದ ದೀಪವನ್ನು ನೋಡಿದರೆ ಅದರ ಸುತ್ತ ಶಿಲುಬೆಯಂತೆ ಚಾಚಿದ ಕಿರಣಗಳು ಗೋಚರವಾಗುವುವು. ಪರದೆಯ ಚುಕ್ಕಿಗಳ ಸಾಲೂ ಅಂಥದೇ ಬಟ್ಟೆ. ಆದಕಾರಣ ಅದರ ಹಿಂದಿನ ಕ್ಯಾಮೆರಾ ತೆಗೆದ ಚಿತ್ರ ಮಂಜು ಕವಿದಂತಾಗಿ, ದೀಪಗಳ ಸುತ್ತ ಪ್ರಭೆ ಚೆಲ್ಲುವುದು. ಗಣಿತದ ಬಲದಿಂದ ಈ ಮಸುಕನ್ನು ಬಹುಮಟ್ಟಿಗೆ ತೊಡೆಯಬಹುದು. ಆದರೆ ಒಳಗೆ ಬಾರದ ಬೆಳಕನ್ನು ಗಣಿತವು ಮರಳಿ ತರಲಾರದು. ಅಲ್ಲಿ ಅದು ಊಹೆಯಿಂದ ತುಂಬಿಸುವುದು. ಊಹೆಯ ಮುಖ ಇದ್ದ ಮುಖವಲ್ಲ.

ಸ್ಯಾಮ್‌ಸಂಗ್ ಸಂಸ್ಥೆಯವರು 2021ರಲ್ಲಿ ತಮ್ಮ ಮಡಚುವ ಫೋನಿನ ಒಳಪರದೆಯ ಕೆಳಗೆ 40 ಲಕ್ಷ ಬಿಂದುಗಳ ಕ್ಯಾಮೆರಾವನ್ನಿಟ್ಟರು. 2025ರ ಮಾದರಿಯಲ್ಲಿ ಅದನ್ನು ಕೈಬಿಟ್ಟು, ರಂಧ್ರವನ್ನೇ ಕೊರೆದು, ಒಂದು ಕೋಟಿ ಬಿಂದುಗಳ ಕ್ಯಾಮೆರಾವನ್ನು ಕೂರಿಸಿದರು. ಅಂದಕ್ಕಾಗಿ ದೃಷ್ಟಿಯನ್ನು ತೆತ್ತದ್ದು ದುಬಾರಿಯೆಂದು ತೋರಿರಬೇಕೆಂದು ನಮ್ಮ ಎಣಿಕೆ.

ಹಾಗಾದರೆ ಈ ಶ್ರಮವೆಲ್ಲ ಬರಿಯ ಅಲಂಕಾರಕ್ಕೋ? ಅಲ್ಲ. ದೂರದೇಶದ ಮಗನೊಡನೆ ತಾಯಿ ಮಾತನಾಡುವಾಗ ಆಕೆಯ ನೋಟ ಪರದೆಯ ಮಧ್ಯದಲ್ಲಿರುವ ಮಗನ ಮುಖದ ಮೇಲೆ. ಕ್ಯಾಮೆರಾ ಇರುವುದು ಮೇಲಿನ ಅಂಚಿನಲ್ಲಿ. ಹೀಗಾಗಿ ತಾಯಿ ತನ್ನನ್ನು ನೋಡದೆ ಕೆಳಗೆ ನೋಡುತ್ತಿರುವಳೆಂದು ಮಗನಿಗೆ ಭಾಸವಾಗುವುದು. ಕ್ಯಾಮೆರಾ ಪರದೆಯ ನಡುವೆಯೇ ಅಡಗಿದ್ದರೆ ಕಣ್ಣಿಗೆ ಕಣ್ಣು ಕೂಡುವುದು. ಮೈಕ್ರೋಸಾಫ್ಟ್‌ನ ಸಂಶೋಧಕರು 2020ರಲ್ಲಿ ವಿವರಿಸಿದ ಪ್ರಯೋಗದ ಉದ್ದೇಶ ಇದೇ. ಈ ಲಾಭವನ್ನು ನಾವು ಅಲ್ಪವೆನ್ನಲಾರೆವು.

ಆದರೆ ಕಾಣದ ಕಣ್ಣಿನ ವಿಷಯದಲ್ಲಿ ಒಂದು ಧರ್ಮವುಂಟು. ನೋಡುವವನು ಮರೆಯಲ್ಲಿರಬಹುದು, ನೋಡುತ್ತಿರುವನೆಂಬ ಸಂಗತಿ ಮರೆಯಲ್ಲಿರಕೂಡದು. ರಂಧ್ರವಿದ್ದರೆ ಬೆರಳಿನಿಂದಲಾದರೂ ಮುಚ್ಚಬಹುದು; ಎಲ್ಲಿದೆಯೆಂದು ತಿಳಿಯದ ಕಣ್ಣನ್ನು ಮುಚ್ಚುವುದೆಂತು? ಐಫೋನುಗಳಲ್ಲಿ 2020ರಿಂದಲೂ ಆಂಡ್ರಾಯ್ಡ್ ಫೋನುಗಳಲ್ಲಿ 2021ರಿಂದಲೂ ಕ್ಯಾಮೆರಾ ತೆರೆದಾಗ ಪರದೆಯ ಮೇಲ್ಭಾಗದಲ್ಲಿ ಹಸುರು ಗುರುತು ಮೂಡುವ ಏರ್ಪಾಡು ಬಂದಿದೆ. ಮನೆಯ ಹಿರಿಯರು ಈ ಗುರುತನ್ನು ಮಕ್ಕಳಿಗೆಲ್ಲ ತೋರಿಸಿಕೊಡಲಿ. ಯಾವ ಯಾವ ಕಾರ್ಯಕ್ರಮಗಳಿಗೆ ಕ್ಯಾಮೆರಾದ ಅನುಮತಿ ಕೊಟ್ಟಿದೆಯೆಂದು ಫೋನಿನ ಸೆಟ್ಟಿಂಗ್ಸ್‌ನಲ್ಲಿ ತಿಂಗಳಿಗೊಮ್ಮೆ ನೋಡಿ, ಬೇಡದವನ್ನು ತೆಗೆದುಹಾಕಲಿ. ಶಯನಗೃಹಕ್ಕೆ ಫೋನು ಹೋಗಬೇಕಾದರೆ ಬೋರಲಾಗಿ ಮಲಗಲಿ. ಕಿಟಕಿಯ ಕದವನ್ನು ಸಂಜೆ ಮುಚ್ಚುವ ಗೃಹಿಣಿಗೆ ಈ ಹೊಸ ಗವಾಕ್ಷವನ್ನು ಕಾಯುವುದು ಕಷ್ಟವಾಗಲಾರದೆಂದು ನಾವು ನಂಬಿದ್ದೇವೆ.