ಪಾಪರ್ ಚೀಟಿಗೂ ಮೊದಲು ಒಂದು ನೋಟ್‌ಬುಕ್

"ತಮ್ಮಾ, ಪಾಪರ್ ಚೀಟಿ ತಗೊಳ್ಳಾಕ ಎಷ್ಟ ಖರ್ಚ ಬರತೈತಿ?"

ಹಾವೇರಿ ಕಡೆಯ ಹಳ್ಳಿಯೊಂದಕ್ಕೆ ಬೆಳೆಹಾನಿ ಸುದ್ದಿಗೆಂದು ಹೋದಾಗ ಪರಿಚಯದ ಕಾಕಾ ನನ್ನನ್ನು ಪಕ್ಕಕ್ಕೆ ಕರೆದು ಹೀಗೆ ಕೇಳಿದರು. ಸಾಲ ಎಷ್ಟೈತ್ರಿ ಅಂದೆ. "ನಾಕ ಲಕ್ಷ ಇರಬೇಕು" ಅಂದರು. ಒಳಗಿನಿಂದ ಚಿಗವ್ವ, "ಐದೂವರಿ ಐತಿ" ಅಂದರು. ಸಂಜೆ ಮಗಳ ಹಳೇ ನೋಟ್‌ಬುಕ್ ತೆಗೆದು ಬರೆಯುತ್ತಾ ಕೂತರೆ ಲೆಕ್ಕ 7 ಲಕ್ಷ 40 ಸಾವಿರಕ್ಕೆ ಬಂದು ನಿಂತಿತು.

ಸೊಸೈಟಿ 1 ಲಕ್ಷ 20 ಸಾವಿರ, ಬ್ಯಾಂಕಿನ ಬೆಳೆಸಾಲ 2 ಲಕ್ಷ, ಚಿನ್ನದ ಮೇಲೆ 90 ಸಾವಿರ, ದಲ್ಲಾಳಿ ಅಂಗಡಿಯಲ್ಲಿ 85 ಸಾವಿರ, ಚಿಗವ್ವನ ಹೆಸರಿನ ಮೂರು ಸಂಘದ ಸಾಲ ಸೇರಿ 1 ಲಕ್ಷ 45 ಸಾವಿರ, ಕೈಸಾಲ 1 ಲಕ್ಷ. ಮೂರನೇ ಸಂಘದ ಸಾಲ ಕಾಕಾಗೆ ಗೊತ್ತಿರಲಿಲ್ಲ. ಕೈಸಾಲ ಚಿಗವ್ವಗೆ ಗೊತ್ತಿರಲಿಲ್ಲ. ಒಂದೇ ಮನೆ, ಒಂದೇ ಒಲೆ.

ನನ್ನ ಮಾತು ಇಷ್ಟೇ. ಕೋರ್ಟು, ವಕೀಲರು ಆಮೇಲೆ. ಮೊದಲು ಗಂಡ ಹೆಂಡತಿ ಒಟ್ಟಿಗೆ ಕೂತು, ಒಬ್ಬರ ಮೇಲೊಬ್ಬರು ರೇಗದೆ, ಪೂರ್ತಿ ಲೆಕ್ಕ ಬರೆಯಬೇಕು. ಇದು ಸುಲಭ ಅಂತ ನಾನು ಹೇಳುತ್ತಿಲ್ಲ. ಅವತ್ತು ಆ ಮನೆಯಲ್ಲಿ ಅರ್ಧ ತಾಸು ಯಾರೂ ಮಾತಾಡಲಿಲ್ಲ.

ದಿವಾಳಿ ಅಂದರೆ ದೊಡ್ಡ ಕಂಪನಿಗಳ ಸುದ್ದಿ ಅಂದುಕೊಂಡಿದ್ದೇವೆ. 2016ರಲ್ಲಿ ಹೊಸ ಕಾನೂನು ಬಂತು ನಿಜ. ಆದರೆ ಕಂಪನಿ ಸಾಲಕ್ಕೆ ಜಾಮೀನು ನಿಂತವರನ್ನು ಬಿಟ್ಟರೆ ನಮ್ಮಂಥವರಿಗೆ ಅದರ ಬಾಗಿಲು ತೆರೆದಿಲ್ಲ. ನಮಗೆ ಇವತ್ತಿಗೂ ಬ್ರಿಟಿಷರ ಕಾಲದ 1920ರ ಕಾಯ್ದೆಯೇ ಗತಿ. ಸಾಲ 500 ರೂಪಾಯಿ ಇದ್ದರೆ ಅರ್ಜಿ ಹಾಕಬಹುದು ಅಂತ ಅದರಲ್ಲಿದೆ. ನೂರು ವರ್ಷವಾದರೂ ಆ 500 ಹಾಗೇ ಇದೆ!

ಅರ್ಜಿಯಲ್ಲಿ ಯಾರ್‍ಯಾರಿಗೆ ಎಷ್ಟು ಕೊಡಬೇಕು, ಅವರ ಹೆಸರು, ವಿಳಾಸ, ನಿಮ್ಮ ಆಸ್ತಿ ಏನೇನು, ಅದರ ಬೆಲೆ, ಅದೆಲ್ಲಿದೆ, ಹಿಂದೆ ಇಂಥ ಅರ್ಜಿ ಹಾಕಿದ್ದೀರಾ, ಇಷ್ಟನ್ನೂ ಬರೆಯಬೇಕು. ಅಂದರೆ ಆ ನೋಟ್‌ಬುಕ್ಕೇ ಅರ್ಜಿಯ ಮುಕ್ಕಾಲು ಭಾಗ.

ಕಾಗದ ಎಲ್ಲಿಂದ ತರೋದು? ಪಹಣಿ ತೆಗೆಸಿ, 11ನೇ ಕಾಲಂ ನೋಡಿ. ಜಮೀನಿನ ಮೇಲೆ ದಾಖಲಾದ ಸಾಲ ಅಲ್ಲಿರುತ್ತದೆ. ಬ್ಯಾಂಕು, ಸೊಸೈಟಿಯಿಂದ ಸಾಲದ ಖಾತೆಯ ಸ್ಟೇಟ್‌ಮೆಂಟ್ ಕೇಳಿ. ಚಿನ್ನದ ಸಾಲದ ರಸೀದಿ ಹುಡುಕಿ. ಮೈಕ್ರೋ ಫೈನಾನ್ಸ್‌ನವರು ನಿಮಗೆ ತಿಳಿಯುವ ಭಾಷೆಯಲ್ಲಿ ಸಾಲದ ಕಾರ್ಡ್ ಕೊಡಲೇಬೇಕು, 2022ರಿಂದ ರಿಸರ್ವ್ ಬ್ಯಾಂಕಿನ ನಿಯಮ ಅದು. ಸಿಬಿಲ್, ಕ್ರಿಫ್ ಹೈಮಾರ್ಕ್ ಸೇರಿ ನಾಲ್ಕು ಕಂಪನಿಗಳು ವರ್ಷಕ್ಕೊಮ್ಮೆ ಸಾಲದ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಮೊಬೈಲ್‌ನಲ್ಲೇ ತೆಗೆಯಬಹುದು, ಮನೆಯ ಹುಡುಗರಿಗೆ ಹೇಳಿ. ಕೈಸಾಲಕ್ಕೆ ಕಾಗದ ಇರೋದಿಲ್ಲ. ಯಾರ ಹತ್ತಿರ, ಯಾವಾಗ, ಎಷ್ಟು, ಬಡ್ಡಿ ಎಷ್ಟು ಕಟ್ಟಿದ್ದೀರಿ ಬರೆದಿಡಿ. ಖಾಲಿ ಚೆಕ್ಕು, ಸಹಿ ಮಾಡಿದ ಬಾಂಡ್ ಪೇಪರ್ ಯಾರ ಕೈಯಲ್ಲಿದೆ ಅನ್ನೋದನ್ನಂತೂ ಮರೆಯಬೇಡಿ.

ಕಾಕಾ ಮೆಲ್ಲಗೆ ಇನ್ನೊಂದು ಮಾತು ತೆಗೆದರು. "ಎರಡ ಎಕರೆ ತಮ್ಮನ ಹೆಸರಿಗೆ ಮಾಡಿ, ಆಮ್ಯಾಲ ಕೋರ್ಟಿಗೆ ಹೋದ್ರ?" ಊರಲ್ಲಿ ಯಾರೋ ಕೊಟ್ಟ ಸಲಹೆ. ಇದು ಕಾಲ ಮೇಲೆ ಕಲ್ಲು ಎತ್ತಿಹಾಕಿಕೊಂಡಂತೆ. ಅರ್ಜಿಗೆ ಮುಂಚಿನ ಎರಡು ವರ್ಷದೊಳಗೆ ಹೀಗೆ ಪುಕ್ಕಟೆ ಬರೆದುಕೊಟ್ಟದ್ದನ್ನು ಕೋರ್ಟು ರದ್ದು ಮಾಡಬಹುದು. ಮೋಸದಿಂದ ಆಸ್ತಿ ಮುಚ್ಚಿಟ್ಟರೆ, ಲೆಕ್ಕದ ಪುಸ್ತಕ ಹರಿದರೆ ಒಂದು ವರ್ಷದವರೆಗೆ ಜೈಲು. ಹಾಗಂತ ಎಲ್ಲವೂ ಹೋಗೋದೂ ಇಲ್ಲ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ರೈತನ ಬೇಸಾಯದ ಸಾಮಾನು, ಅವನು ವಾಸವಿರುವ ಮನೆ ಜಪ್ತಿಯಿಂದ ಹೊರಗೆ. ಉಳುಮೆಗೆ ಬೇಕಾದ ಎತ್ತು, ಬಿತ್ತನೆ ಕಾಳನ್ನೂ ಕೋರ್ಟು ಬಿಡಬಹುದು.

ಆದರೆ ಕೋರ್ಟು ಪಾಪರ್ ಅಂತ ಘೋಷಿಸಿದರೂ ಅಡವಿಟ್ಟ ಚಿನ್ನದ ಮೇಲೆ, ಬರೆದುಕೊಟ್ಟ ಜಮೀನಿನ ಮೇಲೆ ಸಾಲ ಕೊಟ್ಟವರ ಹಕ್ಕು ಹೋಗೋದಿಲ್ಲ. ಜಾಮೀನು ನಿಂತವರೂ ಬಿಡುಗಡೆ ಆಗೋದಿಲ್ಲ. ಚಿಗವ್ವನ ಸಂಘದಲ್ಲಿ ಒಬ್ಬರಿಗೊಬ್ಬರು ಹೊಣೆ ನಿಂತಿದ್ದಾರೆ. ಇವರು ಕೈ ಎತ್ತಿದರೆ ಕಂತಿನವರು ಆ ಹೆಂಗಸರ ಬಾಗಿಲಿಗೆ ಹೋಗುತ್ತಾರೆ. ಈ ವಿಷಯ ಯಾರೂ ಹೇಳೋದಿಲ್ಲ. 2025ರಲ್ಲಿ ರಾಜ್ಯ ಸರ್ಕಾರ ತಂದ ಕಾನೂನು ವಸೂಲಿಯ ಕಿರುಕುಳಕ್ಕೆ ಹತ್ತು ವರ್ಷದವರೆಗೆ ಶಿಕ್ಷೆ ಇಟ್ಟಿದೆ, ಒಳ್ಳೆಯದೇ. ಅದರಿಂದ ಬ್ಯಾಂಕಿನ ಸಾಲ ಮನ್ನಾ ಆಯಿತು ಅಂತ ವಾಟ್ಸ್ಯಾಪ್‌ನಲ್ಲಿ ಬಂದರೆ ನಂಬಬೇಡಿ.

ನಮ್ಮ ವೃತ್ತಿಯವರ ತಪ್ಪೂ ಇದೆ. 'ಸಾಲಬಾಧೆ' ಅಂತ ನಾನೂ ಎಷ್ಟೋ ಸುದ್ದಿ ಕಳಿಸಿದ್ದೇನೆ. ಸಾಲದ ಮೊತ್ತ ಕೇಳಿದ್ದು ಮಾತ್ರ ಮನುಷ್ಯ ಹೋದಮೇಲೆ, ಅಂಗಳದಲ್ಲಿ ನಿಂತು, ಅಳುತ್ತಿರುವವರನ್ನು.

ಕಾಕಾ ಇನ್ನೂ ಅರ್ಜಿ ಹಾಕಿಲ್ಲ. ನೋಟ್‌ಬುಕ್ ಹಿಡಿದು ಇಬ್ಬರೂ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿದ್ದರು. ಅದು ಕೋರ್ಟಿನ ಆವರಣದಲ್ಲೇ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ಮೊದಲು ಬ್ಯಾಂಕಿನ ಜೊತೆ ಲೋಕ ಅದಾಲತ್‌ನಲ್ಲಿ ರಾಜಿಗೆ ನೋಡೋಣ ಅಂದರಂತೆ. ಒಂದು ಸಂಘದ ಸಾಲದ ಸ್ಟೇಟ್‌ಮೆಂಟ್ ಬರೋದು ಬಾಕಿ ಇದೆ.

ಮೊನ್ನೆ ಚಿಗವ್ವ ಫೋನ್ ಮಾಡಿದ್ದರು. "ತವರಮನಿಯಿಂದ ಮೂವತ್ತ ಸಾವಿರ ತಂದಿದ್ದೆ, ಅದನ್ನ ಬರಸೇ ಇಲ್ಲ ನೋಡಪಾ."

ಬರೆಸಿದ್ದೇನೆ. ಈಗ 7 ಲಕ್ಷ 70 ಸಾವಿರ.