ಮೊದಲ ಐಷಾರಾಮಿ ಸೆಡಾನ್: ತೆರಿಗೆ ಇಳಿದರೂ ಲೆಕ್ಕ ಹಗುರವಾಗಿಲ್ಲ

ಕಳೆದ 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದಾಗ ಸಣ್ಣ ಕಾರುಗಳ ಬೆಲೆ ಇಳಿದ ಸುದ್ದಿಯೇ ದೊಡ್ಡದಾಗಿ ಕೇಳಿಸಿತು. ಆದರೆ ಅದೇ ದಿನ ದುಬಾರಿ ಕಾರುಗಳ ತೆರಿಗೆಯೂ ಇಳಿದಿತ್ತು. 1500 ಸಿಸಿ ಮೀರಿದ ಎಂಜಿನಿನ ಸೆಡಾನ್‌ಗಳ ಮೇಲೆ ಅದುವರೆಗೆ ಶೇ 28ರಷ್ಟು ಜಿಎಸ್‌ಟಿ ಹಾಗೂ ಶೇ 20ರಷ್ಟು ಪರಿಹಾರ ಉಪಕರ, ಒಟ್ಟು ಶೇ 48ರಷ್ಟು ಹೊರೆ ಇತ್ತು. ಉಪಕರ ರದ್ದಾಗಿ ದರ ಶೇ 40ಕ್ಕೆ ನಿಂತಿತು. ಷೋರೂಂನಲ್ಲಿ 50 ಲಕ್ಷ ರೂಪಾಯಿ ಇದ್ದ ಕಾರು ಸುಮಾರು 47.3 ಲಕ್ಷಕ್ಕೆ ಇಳಿದಂತಾಯಿತು. ಜರ್ಮನ್ ಲಾಂಛನದ ಕಾರು ಕೈಗೆಟಕುವ ಕಾಲ ಬಂತೆಂದು ಸಂಬಳದಾರರೂ ಸಣ್ಣ ಉದ್ಯಮಿಗಳೂ ಷೋರೂಂ ಮೆಟ್ಟಿಲು ಹತ್ತಲು ಇದೊಂದು ನೆಪವಾಯಿತು.

ಈ ಇಳಿಕೆ ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಹೈಬ್ರಿಡ್ ಸೆಡಾನ್‌ಗಳಿಗೆ ಉಪಕರ ಶೇ 15 ಮಾತ್ರ ಇದ್ದುದರಿಂದ ಒಟ್ಟು ತೆರಿಗೆ ಶೇ 43ರಷ್ಟಿತ್ತು. ಅವೂ ಈಗ ಶೇ 40ರ ಸಾಲಿಗೇ ಸೇರಿವೆ. ಅಂದರೆ ಇಂಧನ ಉಳಿಸುವ ಕಾರಿಗೆ ಪೆಟ್ರೋಲ್, ಡೀಸೆಲ್ ಕಾರುಗಳ ಎದುರು ಇದ್ದ ತೆರಿಗೆಯ ಅನುಕೂಲ ಮಾಯವಾಗಿದೆ. ವಿದ್ಯುತ್ ಕಾರಿಗೆ ಶೇ 5ರ ದರ ಹಾಗೆಯೇ ಮುಂದುವರಿಯಿತು. ಐರೋಪ್ಯ ಒಕ್ಕೂಟದೊಂದಿಗೆ 2026ರ ಜನವರಿಯಲ್ಲಿ ಮಾತುಕತೆ ಮುಗಿದ ವ್ಯಾಪಾರ ಒಪ್ಪಂದದತ್ತ ನೋಡುತ್ತ ಕಾಯುವವರೂ ಇದ್ದಾರೆ. ಆದರೆ ಅಲ್ಲಿ ಮುಖ್ಯವಾಗಿ ಇಳಿಯುವುದು ಪೂರ್ಣವಾಗಿ ಹೊರದೇಶದಲ್ಲಿ ತಯಾರಾಗಿ ಬರುವ ಕಾರಿನ ಸುಂಕ. ಅದೂ ಹಂತ ಹಂತವಾಗಿ, ಸಂಖ್ಯೆಯ ಮಿತಿಯೊಳಗೆ. ಮೊದಲ ಬಾರಿಗೆ ಕೊಳ್ಳುವವರು ನೋಡುವ ಸೆಡಾನ್‌ಗಳಲ್ಲಿ ಹೆಚ್ಚಿನವು ಪುಣೆ ಬಳಿಯ ಚಾಕಣದಲ್ಲೋ, ಚೆನ್ನೈ ಬಳಿಯಲ್ಲೋ ಜೋಡಣೆಯಾಗುವಂಥವು. ಅವಕ್ಕೆ ಈ ಒಪ್ಪಂದದಿಂದ ದೊಡ್ಡ ಲಾಭವನ್ನು ನಿರೀಕ್ಷಿಸುವಂತಿಲ್ಲ.

ಕೇಂದ್ರ ಇಳಿಸಿದ್ದಕ್ಕಿಂತ ರಾಜ್ಯ ಕೇಳುವ ಮೊತ್ತವೇ ಖರೀದಿದಾರನಿಗೆ ಹೆಚ್ಚು ತಟ್ಟುತ್ತದೆ. 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಕರ್ನಾಟಕದ ಆಜೀವ ತೆರಿಗೆ ಶೇ 18. ಆ ತೆರಿಗೆಯ ಮೇಲೆ ಉಪಕರ ಬೇರೆ. 47.3 ಲಕ್ಷದ ಕಾರಿಗೆ ಇದು ಸುಮಾರು ಒಂಬತ್ತೂವರೆ ಲಕ್ಷ ರೂಪಾಯಿ. ಒಂದು ಒಳ್ಳೆಯ ಮಧ್ಯಮ ದರ್ಜೆಯ ಕಾರಿನ ಬೆಲೆಯನ್ನು ತೆರಿಗೆ ರೂಪದಲ್ಲೇ ಕಟ್ಟಿ ಮನೆಗೆ ಬರಬೇಕು. 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೂ 2024ರಲ್ಲಿ ಶೇ 10ರ ತೆರಿಗೆ ಬಂತು.

ಈಗ ಲೆಕ್ಕ ಹಾಕೋಣ. ವಿಮೆಗೆ ಮುನ್ನವೇ ಕಾರಿನ ವೆಚ್ಚ ಸುಮಾರು 57 ಲಕ್ಷ. ಕೈಯಿಂದ 17 ಲಕ್ಷ ಹಾಕಿ ಉಳಿದ 40 ಲಕ್ಷವನ್ನು ಶೇ 9ರ ಬಡ್ಡಿಗೆ ಏಳು ವರ್ಷದ ಸಾಲವಾಗಿ ಪಡೆದರೆ ತಿಂಗಳ ಕಂತು 64 ಸಾವಿರ ದಾಟುತ್ತದೆ. ನಾಲ್ಕು ವರ್ಷ ಕಂತು ಕಟ್ಟಿದ ಮೇಲೂ ಬ್ಯಾಂಕಿಗೆ ಸುಮಾರು 20 ಲಕ್ಷ ಬಾಕಿ ಇರುತ್ತದೆ. ಅಷ್ಟರಲ್ಲಿ ಕಾರಿನ ಬೆಲೆ ಏನಾಗಿರುತ್ತದೆ? ವಿಮಾ ಕಂಪನಿಗಳು ಬಳಸುವ ಸವಕಳಿ ಪಟ್ಟಿಯ ಪ್ರಕಾರ ನಾಲ್ಕು ವರ್ಷ ತುಂಬಿದ ವಾಹನದ ಮೌಲ್ಯ ಷೋರೂಂ ಬೆಲೆಯ ಅರ್ಧ, ಅಂದರೆ 23.6 ಲಕ್ಷ. ಮಾರುಕಟ್ಟೆ ಇದಕ್ಕಿಂತ ಕಡಿಮೆಯನ್ನೂ ಕೇಳಬಹುದು. ಆಜೀವ ತೆರಿಗೆ ಪಟ್ಟಿಯಲ್ಲೇ ಇಲ್ಲ. ಕರಗಿದ ಬೆಲೆ, ತೆರಿಗೆ, ಬಡ್ಡಿ ಮೂರನ್ನೂ ಕೂಡಿಸಿದರೆ ನಾಲ್ಕು ವರ್ಷಕ್ಕೆ 44 ಲಕ್ಷ. ಇಂಧನ, ವಿಮೆ, ಸರ್ವಿಸ್ ಯಾವುದನ್ನೂ ಸೇರಿಸದೆ ತಿಂಗಳಿಗೆ ಸುಮಾರು 92 ಸಾವಿರ ರೂಪಾಯಿ! ಮಾರಾಟ ಪ್ರತಿನಿಧಿ ಕಂತಿನ ಮೊತ್ತವನ್ನಷ್ಟೇ ಹೇಳುತ್ತಾನೆ. ಖರೀದಿದಾರ ಕೇಳಬೇಕಾದುದು ಈ ಎರಡನೆಯ ಅಂಕಿಯನ್ನು.

ತೆರಿಗೆ ತಪ್ಪಿಸಲು ಪುದುಚೇರಿ ಮತ್ತಿತರ ಕಡೆ ನೋಂದಣಿ ಮಾಡಿಸುವ ಹಳೆಯ ಚಾಳಿ ಈಗ ಅಪಾಯಕಾರಿ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ತೆರಿಗೆ ಕಟ್ಟದ 30 ದುಬಾರಿ ಕಾರುಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಜುಲೈಯಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದರಿಂದ 1.4 ಕೋಟಿ ರೂಪಾಯಿಗೂ ಹೆಚ್ಚು ತೆರಿಗೆ ವಸೂಲಾಯಿತು. ಹೊರರಾಜ್ಯದ ವಾಹನ ಇಲ್ಲಿ 12 ತಿಂಗಳು ಮೀರಿ ಉಳಿದರೆ ಇಲ್ಲಿನ ತೆರಿಗೆ ಕಟ್ಟಲೇಬೇಕು. ಪರ ಊರಿನ ಸೆಕೆಂಡ್ ಹ್ಯಾಂಡ್ ಕಾರು ಅಗ್ಗವಾಗಿ ಕಾಣುವುದು ಈ ಮೊತ್ತವನ್ನು ಸೇರಿಸುವವರೆಗೆ ಮಾತ್ರ.

ಸುಖದ ವಿಚಾರಕ್ಕೆ ಬಂದರೆ, ಕಾರಿನಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬ ಸರಳ ಪ್ರಶ್ನೆಯನ್ನೇ ಅನೇಕರು ಕೇಳಿಕೊಳ್ಳುವುದಿಲ್ಲ. ಲಾಂಛನದ ಆಸೆಗೆ ಬಿದ್ದು ಆಯಾ ಕಂಪನಿಯ ಅತಿ ಸಣ್ಣ ಸೆಡಾನ್ ಕೊಳ್ಳುವುದು ಸಾಮಾನ್ಯ. ಇಂಥ ಕಾರಿನ ಇಳಿಜಾರು ಛಾವಣಿ ನೋಡಲು ಚೆಂದ. ಹಿಂದಿನ ಸೀಟಿನಲ್ಲಿ ಎತ್ತರದ ವ್ಯಕ್ತಿಗೆ ತಲೆ ತಾಗುತ್ತದೆ, ಮಂಡಿನೋವಿರುವ ಹಿರಿಯರಿಗೆ ಇಳಿದು ಏಳುವುದೇ ಪ್ರಯಾಸ. ಅರ್ಧ ಬೆಲೆಯ ಇನ್ನೋವಾದಲ್ಲಿ ಆ ಕುಟುಂಬ ಹೆಚ್ಚು ನೆಮ್ಮದಿಯಿಂದ ಕೂರುತ್ತಿತ್ತು ಎಂಬುದು ತಮಾಷೆಯ ಮಾತಲ್ಲ. ಚಾಲಕರನ್ನಿಟ್ಟುಕೊಳ್ಳುವವರ ಸಂಖ್ಯೆ ಇಲ್ಲಿ ಹೆಚ್ಚು ಎಂಬುದು ಕಂಪನಿಗಳಿಗೆ ಗೊತ್ತಿದೆ. ಆದ್ದರಿಂದಲೇ ಮರ್ಸಿಡಿಸ್ 2017ರಿಂದ ಇ–ಕ್ಲಾಸ್‌ನ ಉದ್ದನೆಯ ಆವೃತ್ತಿಯನ್ನು ಭಾರತದಲ್ಲಿ ಮಾರುತ್ತ ಬಂತು. ಬಿಎಂಡಬ್ಲ್ಯು 2021ರಲ್ಲಿ 3 ಸರಣಿಯ ಉದ್ದನೆಯ ಕಾರನ್ನು ತಂದಿತು. ಟೆಸ್ಟ್ ಡ್ರೈವ್‌ಗೆ ಮನೆಯ ಹಿರಿಯರನ್ನು ಕರೆದೊಯ್ಯಬೇಕು. ವಿಮಾನ ನಿಲ್ದಾಣದ ರಸ್ತೆಯಲ್ಲಲ್ಲ, ನಿಮ್ಮ ಬಡಾವಣೆಯ ಗುಂಡಿ, ಹಂಪ್‌ಗಳ ಮೇಲೆ, ಐದು ಜನರನ್ನು ಕೂರಿಸಿಕೊಂಡು ಓಡಿಸಿ ನೋಡಬೇಕು. ತಳ ಉಜ್ಜುವ ಸದ್ದು ಅಲ್ಲೇ ಕೇಳಿಸುತ್ತದೆ.

ನಿರ್ವಹಣೆಯ ವೆಚ್ಚದಲ್ಲಿ ಎಂಜಿನ್ ಆಯಿಲ್ ಸಣ್ಣ ಬಾಬತ್ತು. ಟೈರ್, ಸಸ್ಪೆನ್ಷನ್, ಹೆಡ್‌ಲ್ಯಾಂಪ್‌ಗಳು ದೊಡ್ಡವು. ಬಿಎಂಡಬ್ಲ್ಯು ಸೇರಿದಂತೆ ಕೆಲವು ಕಂಪನಿಗಳ ಹಲವು ಮಾದರಿಗಳಲ್ಲಿ ರನ್‌ಫ್ಲ್ಯಾಟ್ ಟೈರ್‌ಗಳಿರುತ್ತವೆ. ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ಇವುಗಳ ಗೋಡೆ ಗಡುಸು. ಗುಂಡಿಯ ಏಟು ಒಳಗೆ ಚೆನ್ನಾಗಿಯೇ ತಿಳಿಯುತ್ತದೆ. ಗೋಡೆ ಉಬ್ಬಿದರೆ ಟೈರನ್ನೇ ಬದಲಿಸಬೇಕು. ನಗರದೊಳಗೆ ನಾಲ್ಕೈದು ಕಿಲೊಮೀಟರ್ ಓಡುವವರು ಡೀಸೆಲ್ ಕೊಳ್ಳಲೇಬಾರದು. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ತನ್ನನ್ನು ತಾನು ಸ್ವಚ್ಛಗೊಳಿಸಿಕೊಳ್ಳಲು ಹೆದ್ದಾರಿಯ ದೀರ್ಘ ಓಟ ಬೇಕು. ಅದಿಲ್ಲದಿದ್ದರೆ ಅದು ಕಟ್ಟಿಕೊಳ್ಳುತ್ತದೆ. ಪೆಟ್ರೋಲ್ ಕಾರಿನಲ್ಲೂ, ವಿಶೇಷವಾಗಿ 2023ಕ್ಕಿಂತ ಹಿಂದಿನದರಲ್ಲಿ, ಶೇ 20ರ ಎಥೆನಾಲ್ ಮಿಶ್ರಣಕ್ಕೆ ಕಂಪನಿಯ ಒಪ್ಪಿಗೆ ಇದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ವಿಮೆಯಲ್ಲಿ ಜನ ಎಡವುವುದು ಇಲ್ಲಿಯೇ. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗಳ ಬದಲಾವಣೆಗೆ ಅರ್ಧ ಹಣ ಮಾತ್ರ ಸಿಗುತ್ತದೆ. ಇಂದಿನ ಬಂಪರ್ ಪ್ಲಾಸ್ಟಿಕ್. ಹೆಡ್‌ಲ್ಯಾಂಪ್ ಕೂಡ ಬಹುಪಾಲು ಪ್ಲಾಸ್ಟಿಕ್ಕೇ. ಆದ್ದರಿಂದ ಸವಕಳಿ ಕಡಿತವಿಲ್ಲದ ಪಾಲಿಸಿ ಈ ದರ್ಜೆಯ ಕಾರಿಗೆ ಅನಿವಾರ್ಯ. ಆದರೆ ಕಾರಿಗೆ ವಯಸ್ಸಾದಂತೆ ಅದನ್ನು ಕೊಡಲು ಕಂಪನಿಗಳು ಹಿಂಜರಿಯುತ್ತವೆ. ವಾರಂಟಿ ಮುಗಿಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಕಾರಿನ ನಿಜವಾದ ಖರ್ಚು ಶುರುವಾಗುವುದು ಈ ನಾಲ್ಕನೇ, ಐದನೇ ವರ್ಷದಲ್ಲಿ. ಆಗಲೂ ಸಾಲದ ಕಂತು ನಿಂತಿರುವುದಿಲ್ಲ.

ಕಾರ್ಯಾಗಾರದ ದೂರವನ್ನೂ ಬೆಲೆಯೆಂದೇ ಎಣಿಸಬೇಕು. ಕಲಬುರಗಿ, ವಿಜಯಪುರದಂಥ ಊರಿನವರು ಕೊಳ್ಳುವ ಮುನ್ನ ಅಧಿಕೃತ ಸರ್ವಿಸ್ ಕೇಂದ್ರ ಎಷ್ಟು ಕಿಲೊಮೀಟರ್ ಆಚೆ ಇದೆ, ಕೆಟ್ಟು ನಿಂತರೆ ಎತ್ತಿಕೊಂಡು ಹೋಗುವ ವ್ಯವಸ್ಥೆ ಯಾರದು ಎಂದು ಬರಹದಲ್ಲಿ ಕೇಳಬೇಕು. ಈ ದೃಷ್ಟಿಯಿಂದ ನಮ್ಮ ಬಿಡದಿಯಲ್ಲೇ 2013ರಿಂದ ಜೋಡಣೆಯಾಗುತ್ತ ಬಂದ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ ಕಡೆಗೆ ಗಮನ ಹೋಗಬೇಕಿತ್ತು. ಹೋಗುವುದಿಲ್ಲ. 2024ರ ಡಿಸೆಂಬರಿನಲ್ಲಿ 48 ಲಕ್ಷಕ್ಕೆ ಬಂದ ಅದರ ಒಂಬತ್ತನೇ ಪೀಳಿಗೆಯ ಕಾರು ವಿಶಾಲವಾಗಿದೆ, ನಿಶ್ಶಬ್ದವಾಗಿದೆ, ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಇದೆ; ಟೊಯೊಟಾ ಕಾರ್ಯಾಗಾರಗಳು ಹಲವು ಜಿಲ್ಲಾ ಕೇಂದ್ರಗಳಲ್ಲಿವೆ. ಇಲ್ಲದಿರುವುದು ಮದುವೆ ಮಂಟಪದ ಮುಂದೆ ಮಿಂಚುವ ಲಾಂಛನ ಮಾತ್ರ. ಸುಖ ಮತ್ತು ನಿರ್ವಹಣೆ ಎರಡನ್ನೇ ನೋಡುವುದಾದರೆ ಹೊಸ ಕಾರುಗಳಲ್ಲಿ ನಮ್ಮ ಮತ ಇದಕ್ಕೇ. ಸ್ಟಿಯರಿಂಗ್ ಹಿಡಿಯುವ ಖುಷಿ ಬೇಕೆನ್ನುವವರು ಒಪ್ಪಲಿಕ್ಕಿಲ್ಲ.

ಲಾಂಛನವೂ ಬೇಕು, ಜೇಬೂ ಉಳಿಯಬೇಕು ಎನ್ನುವವರಿಗೆ ಮೂರು ವರ್ಷ ಓಡಿದ ಕರ್ನಾಟಕ ನೋಂದಣಿಯ ಕಾರು ಸೂಕ್ತ. ಮೊದಲ ಒಡೆಯ ಆಜೀವ ತೆರಿಗೆ ಕಟ್ಟಿರುತ್ತಾನೆ, ಬೆಲೆ ಕರಗುವ ಮೊದಲ ದೊಡ್ಡ ಏಟನ್ನೂ ಅವನೇ ತಿಂದಿರುತ್ತಾನೆ. ಮೇಲಿನ ಪಟ್ಟಿಯ ಲೆಕ್ಕದಲ್ಲಿ 47.3 ಲಕ್ಷದ ಕಾರು ಮೂರು ವರ್ಷ ದಾಟಿದಾಗ 28 ಲಕ್ಷದ ಆಸುಪಾಸಿಗೆ ಬಂದಿರುತ್ತದೆ. ಉಳಿಸಿದ ಹಣದಲ್ಲಿ ಎರಡು ಮೂರು ಲಕ್ಷವನ್ನು ರಿಪೇರಿಗೆಂದೇ ತೆಗೆದಿಡಬೇಕು. ವಿಸ್ತರಿತ ವಾರಂಟಿ ಮತ್ತು ಮೊದಲೇ ಹಣ ಕಟ್ಟಿದ ಸರ್ವಿಸ್ ಪ್ಯಾಕೇಜ್ ಹೊಸ ಒಡೆಯನ ಹೆಸರಿಗೆ ವರ್ಗವಾಗುತ್ತವೆಯೇ ಎಂಬುದರ ಮೇಲೆ ಬೆಲೆ ಚೌಕಾಸಿ ಮಾಡಬಹುದು.

ಇಲ್ಲಿ ಭಯಪಡಬೇಕಾದುದು ನೀರಿಗೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಸುತ್ತಮುತ್ತ ಕೋಟಿ ಬೆಲೆಯ ಕಾರುಗಳು ಬಾನೆಟ್‌ವರೆಗೆ ಮುಳುಗಿದ ಚಿತ್ರಗಳನ್ನು ದೇಶವೇ ನೋಡಿತು. ಚೆನ್ನೈಯಲ್ಲಿ 2015ರಲ್ಲೂ, 2023ರ ಡಿಸೆಂಬರಿನಲ್ಲೂ ಹೀಗೇ ಆಯಿತು. ಮುಳುಗಿದ ಕಾರು ತೊಳೆದು, ಒಣಗಿಸಿ, ಮತ್ತೆ ಮಾರುಕಟ್ಟೆಗೆ ಬರಬಲ್ಲದು. ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಆದರೆ ಸೀಟಿನ ಕೆಳಗೆ, ನೆಲಹಾಸಿನ ಅಡಿಯಲ್ಲಿ ಇರುವ ವಿದ್ಯುನ್ಮಾನ ಘಟಕಗಳು ತಿಂಗಳುಗಟ್ಟಲೆ ತುಕ್ಕು ಹಿಡಿಯುತ್ತ ಒಂದೊಂದಾಗಿ ಕೈಕೊಡುತ್ತವೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಗೆರೆ ಇದೆಯೇ ನೋಡಬೇಕು. ಸ್ಟೆಪ್ನಿ ಇಡುವ ಗುಳಿಯನ್ನೂ, ಸೀಟಿನ ಕೆಳಗಿನ ಬೋಲ್ಟ್‌ಗಳನ್ನೂ ಪರೀಕ್ಷಿಸಬೇಕು. ವಿಮೆಯ ಹಿಂದಿನ ಕ್ಲೇಮುಗಳ ವಿವರ, ಅಧಿಕೃತ ಕಾರ್ಯಾಗಾರದ ಸರ್ವಿಸ್ ದಾಖಲೆ ಎರಡನ್ನೂ ನೋಡದೆ ಮುಂಗಡ ಕೊಡಬಾರದು. ಹೊಸದಿರಲಿ ಹಳೆಯದಿರಲಿ, ವಿಮೆಯಲ್ಲಿ ಎಂಜಿನ್ ರಕ್ಷಣೆಯ ಹೆಚ್ಚುವರಿ ಸೌಲಭ್ಯ ಇರಬೇಕು. ನಿಂತ ನೀರಿನಲ್ಲಿ ಆರಿಹೋದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಒಳಗೆ ನೀರು ಸಿಕ್ಕಿ ಮುರಿದರೆ, ಸಾಮಾನ್ಯ ಪಾಲಿಸಿ ಅದರ ಹಣ ಕೊಡುವುದಿಲ್ಲ.